ಮಂಡ್ಯದ ಒಪ್ಪಿಗೆ, ಓಟ್ಟೇರಿಯ ಎಮ್ಮೆ

ತೆರಿಗೆ ತೀರ್ಪುಗಳ ಒಣ ಇಂಗ್ಲಿಷಿನ ನಡುವೆ ಒಂದು ಅಚ್ಚಗನ್ನಡ ಪದ ಸಿಕ್ಕರೆ ಎಷ್ಟು ಖುಷಿಯಾಗುತ್ತೆ ಅಂತ ಹೊರನಾಡಿನಲ್ಲಿದ್ದವರಿಗೆ ಹೇಳಬೇಕಿಲ್ಲ. ಸುಪ್ರೀಂ ಕೋರ್ಟಿನ 1962ರ ಒಂದು ತೀರ್ಪಿನಲ್ಲಿ "ಒಪ್ಪಿಗೆ", "ಒಪ್ಪಿಗೆದಾರರು" ಅನ್ನುವ ಮಾತುಗಳು ಹಾಗೇ ಇವೆ. ಪುರಸೈವಾಕ್ಕಂನಲ್ಲಿ ಅಂಗಡಿ, ಹೋಟೆಲುಗಳ ಲೆಕ್ಕ ಬರೆದುಕೊಂಡೇ ತಲೆ ಹಣ್ಣಾದ ನನಗೆ ಅದು ಊರಿಂದ ಬಂದ ಕಾಗದದ ಹಾಗೆ.

ಕೇಸು ನಮ್ಮ ಮೈಷುಗರ್‌ದು, ಅಂದರೆ 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯದು. ಮಂಡ್ಯದ ಕಾರ್ಖಾನೆಗೆ ಕಬ್ಬು ಕೊಡುವ ರೈತರು ಒಂದು ಲಿಖಿತ ಕರಾರಿಗೆ ಸಹಿ ಹಾಕುತ್ತಿದ್ದರು. ಅದೇ ಒಪ್ಪಿಗೆ. ಕಂಪನಿ ಅವರಿಗೆ ಬಿತ್ತನೆ ಕಬ್ಬು, ಗೊಬ್ಬರ, ಒಂದಿಷ್ಟು ನಗದು ಮುಂಗಡವಾಗಿ ಕೊಡುತ್ತಿತ್ತು. ಕಬ್ಬು ಬಂದಾಗ ಅದರ ಬೆಲೆಯಲ್ಲಿ ಮುರಿದುಕೊಳ್ಳುತ್ತಿತ್ತು. 1948-49ರಲ್ಲಿ ಮಳೆ ಕೈಕೊಟ್ಟಿತು. ಕಬ್ಬೂ ಇಲ್ಲ, ಮುಂಗಡವೂ ವಾಪಸಿಲ್ಲ. ಮೈಸೂರು ಸರ್ಕಾರ ನೇಮಿಸಿದ ಸಮಿತಿ, ರೈತರ ಬಾಕಿಯಲ್ಲಿ ಒಂದು ಪಾಲು ಬಿಟ್ಟುಬಿಡಿ ಎಂದಿತು. ಕಂಪನಿ ಬಿಟ್ಟದ್ದು 2,87,422 ರೂಪಾಯಿ. ಆ ಕಾಲದ ರೂಪಾಯಿ, ನೆನಪಿರಲಿ!

ಇದನ್ನು ಲಾಭದಿಂದ ಕಳೆಯಿರಿ ಅಂತ ಕೇಳಿದರೆ ಅಧಿಕಾರಿ ಒಪ್ಪಲಿಲ್ಲ. ಇದು ವ್ಯಾಪಾರದ ಸಾಲವೂ ಅಲ್ಲ, ಮುಳುಗಿದ ಸಾಲವೂ ಅಲ್ಲ, ಕೈಯೆತ್ತಿ ಕೊಟ್ಟ ದಾನದ ಹಾಗಿದೆ ಅನ್ನುವುದು ಅವರ ವಾದ. ಗಮನಿಸಿ, ಜಗಳ ಇದ್ದದ್ದು ದುಡ್ಡು ಹೋಯಿತೋ ಇಲ್ಲವೋ ಅನ್ನುವುದರ ಬಗ್ಗೆ ಅಲ್ಲ. ಹೋದ ದುಡ್ಡು ಯಾವ ಜಾತಿಯದು ಅನ್ನುವುದರ ಬಗ್ಗೆ. ಮೈಸೂರು ಹೈಕೋರ್ಟು, ಕೊನೆಗೆ ಸುಪ್ರೀಂ ಕೋರ್ಟು ಕಂಪನಿಯ ಕಡೆ ನಿಂತವು. ಕಂಪನಿ ಈ ಹಣದಿಂದ ಬಹುಕಾಲ ಬಾಳುವ ಆಸ್ತಿಯೇನೂ ಮಾಡಿಕೊಳ್ಳಲಿಲ್ಲ. ಕಬ್ಬು ಕೊಳ್ಳುವ ದಾರಿಯಲ್ಲೇ ಕೊಟ್ಟ ಹಣ, ಆ ದಾರಿಯಲ್ಲೇ ಹೋಯಿತು. ಹೀಗೆಂದು ತೋರಿಸಲು ಒಪ್ಪಿಗೆಯ ಕಾಗದ ಇತ್ತು, ಬೆಲೆಯಲ್ಲಿ ಮುರಿದುಕೊಳ್ಳುವ ಷರತ್ತು ಅದರಲ್ಲೇ ಇತ್ತು.

ಮದರಾಸಿನದೂ ಒಂದು ಇದೆ. ಇಂಡಿಯಾ ಸಿಮೆಂಟ್ಸ್ ಕಂಪನಿ 40 ಲಕ್ಷ ಸಾಲ ಎತ್ತಲು ಸ್ಟಾಂಪು, ನೋಂದಣಿ, ವಕೀಲರ ಫೀಜು ಅಂತ 84,633 ರೂಪಾಯಿ ಖರ್ಚು ಮಾಡಿತು. ಇದು ಬಂಡವಾಳದ ಖರ್ಚು ಅಂದಿತು ಇಲಾಖೆ. ಸಾಲ ಆಸ್ತಿಯಲ್ಲ ಅಂತ ಸುಪ್ರೀಂ ಕೋರ್ಟು 1965ರ ಡಿಸೆಂಬರಿನಲ್ಲಿ ಹೇಳಿತು. ಅಲ್ಲಿ ಕಾಗದಕ್ಕೇನು ಬರ? ಖರ್ಚೇ ಕಾಗದದ್ದು.

ಇಷ್ಟೆಲ್ಲ ಬಾಯಿಪಾಠ ಇದ್ದರೂ ನಮ್ಮ ಬೀದಿಯ ಒಂದು ಪುಟ್ಟ ಹೋಟೆಲಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಎಂಬತ್ತರ ದಶಕದ ಮಾತು. ಮಾಲೀಕರು ಉಡುಪಿ ಕಡೆಯವರು. ಓಟ್ಟೇರಿಯಿಂದ ಹಾಲು ತರುತ್ತಿದ್ದವನಿಗೆ ಎಮ್ಮೆ ಕೊಳ್ಳಲು ಮುಂಗಡ ಕೊಟ್ಟಿದ್ದರು. ತಿಂಗಳು ತಿಂಗಳು ಹಾಲಿನ ಹಣದಲ್ಲಿ ಮುರಿಯುವ ಮಾತು. ಎಮ್ಮೆ ಸತ್ತಿತು, ಹಾಲಿನವನು ಊರು ಬಿಟ್ಟ. ಥೇಟ್ ಮಂಡ್ಯದ ಕತೆಯೇ! ನಾನು ಉತ್ಸಾಹದಿಂದ ತೀರ್ಪಿನ ನಕಲು ಹಿಡಿದು ಹೋದೆ. ಅಧಿಕಾರಿ ಸಾವಧಾನವಾಗಿ ಓದಿದರು. "ತೀರ್ಪು ಸರಿ. ನಿಮ್ಮ ಕರಾರು ಎಲ್ಲಿ? ಮುರಿದುಕೊಂಡ ಲೆಕ್ಕ ಎಲ್ಲಿ?" ಎಂದರು. ಇದ್ದದ್ದು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿದ ನಾಲ್ಕು ಅಂಕಿ. ಹಾಲಿನವನ ಹೆಸರೂ ಇಲ್ಲ.

"ಎಮ್ಮೆ ಸತ್ತದ್ದು ಇಡೀ ಬೀದಿಗೆ ಗೊತ್ತುಂಟು ಮಾರಾಯ್ರೆ, ಇನ್ನು ರಸೀದಿ ಎಲ್ಲಿಂದ ತರುವುದು?" ಅಂತ ಮಾಲೀಕರು ನನ್ನ ಮೇಲೆಯೇ ರೇಗಿದರು. ಪಾಪ, ಅವರು ಹೇಳಿದ್ದು ನಿಜ. ಆದರೆ ಖರ್ಚು ಕಳೆಯಿರಿ ಎಂದು ಕೇಳುವವನೇ ಅದನ್ನು ರುಜುವಾತು ಮಾಡಬೇಕು. 1922ರ ಕಾಯಿದೆಯಲ್ಲೂ ಹಾಗೇ, 1961ರದ್ದರಲ್ಲೂ ಹಾಗೇ. ಅಧಿಕಾರಿಯನ್ನು ಬೈಯುವುದಕ್ಕೆ ನನಗೆ ಅವತ್ತೂ ಮನಸ್ಸು ಬರಲಿಲ್ಲ, ಇವತ್ತೂ ಇಲ್ಲ.

ಮೇಲ್ಮನವಿಗೆ ಹೋಗೋಣವೇ ಅಂದೆ. ವಕೀಲರ ಫೀಜು ಎಮ್ಮೆಗಿಂತ ಜಾಸ್ತಿಯಾಗುತ್ತಿತ್ತು. ಮಾಲೀಕರು ತೆರಿಗೆ ಕಟ್ಟಿದರು. ಮುಂದಿನ ವಾರ ಹೊಸ ಹಾಲಿನವನು ಬಂದಾಗ ಮುಂಗಡ ಕೊಡುವ ಮೊದಲು ನನ್ನನ್ನು ಕರೆಸಿದರು. ತಮಿಳಿನಲ್ಲಿ ಎಂಟು ಸಾಲು ಬರೆಸಿ, ರೆವಿನ್ಯೂ ಸ್ಟಾಂಪಿನ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆವು.