ಗೈಡುಗಳ ಹಳಸಲು ಹಾಸ್ಯ: ಭೀಮೆಯ ದೋಣಿಯಿಂದ ವಿಜಯಪುರದ ಗೋರಿಗಳವರೆಗೆ

ಇತಿಹಾಸದ ಮಾಸ್ತರನಿಗೆ ಪ್ರತಿಸ್ಪರ್ಧಿ ಯಾರಾದರೂ ಇದ್ದರೆ ಅವನು ಗೈಡು. ನನ್ನ ಹಳೆಯ ವಿದ್ಯಾರ್ಥಿಗಳು ಮದುವೆ ಮುಂಜಿಗಳಲ್ಲಿ ಸಿಕ್ಕಾಗ ವಿಜಯಪುರ ಪ್ರವಾಸದ ಮಾತು ಬಂದೇ ಬರುತ್ತದೆ. ಮುಹಮ್ಮದ್ ಆದಿಲ್ ಶಾಹನು 1627ರಿಂದ 1656ರವರೆಗೆ ಆಳಿದನೆಂದು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಅದು ಯಾರ ನೆನಪಿನಲ್ಲಿಯೂ ಇಲ್ಲ. ಆದರೆ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೈಡು ಹೇಳಿದ, "ಇಲ್ಲಿ ಹೆಂಡ್ತಿ ಬಗ್ಗೆ ಏನೂ ಅನಬ್ಯಾಡ್ರಿ ಸರ್ರ, ಒಂದ ಸಲ ಅಂದ್ರ ಏಳು ಸಲ ಕೇಳಸ್ತೈತಿ" ಎಂಬ ಮಾತು ಎಲ್ಲರಿಗೂ ಕಂಠಪಾಠ. ಈ ಬಗೆಯ ಹಾಸ್ಯವನ್ನು ಈಗಿನ ಹುಡುಗರು 'ಪಿಜೆ' ಎನ್ನುತ್ತಾರೆ. ನಾವು ಹಳಸಲು ಜೋಕು ಎನ್ನುತ್ತಿದ್ದೆವು. ಕೇಳಿದವರು ಮೊದಲು ಮುಖ ಹಿಂಡಿ ಆಮೇಲೆ ನಗುವುದು ಇದರ ಲಕ್ಷಣ.

ಈ ಹಾಸ್ಯಕ್ಕೂ ಒಂದು ಚರಿತ್ರೆಯಿದೆ. ನನಗೆ ತೋರುವ ಮಟ್ಟಿಗೆ ಅದರ ಬೇರು ಇರುವುದು ಕೋಟೆ ಗುಮ್ಮಟಗಳಲ್ಲಿ ಅಲ್ಲ, ದೋಣಿಯಲ್ಲಿ. ಕೋಟೆಯಲ್ಲಿ ಬೇಸರವಾದವನು ಹೊರಗೆ ನಡೆದಾನು. ನಡುನೀರಿನಲ್ಲಿ ಕುಳಿತವನು ಎಲ್ಲಿಗೆ ಹೋಗಬೇಕು? ಅಂಬಿಗನು ಏನು ಹೇಳಿದರೂ ಕೇಳಲೇಬೇಕು. ಭೀಮಾ ನದಿಗೆ ಎಲ್ಲೆಡೆ ಸೇತುವೆಗಳಾಗುವ ಮುನ್ನ ನಮ್ಮ ಕಿಣ್ಣಿ ಸುಲ್ತಾನದ ಕಡೆಯವರು ಅಫಜಲಪುರ ತಾಲೂಕಿನಲ್ಲಿ ಹೊಳೆ ದಾಟಲು ದೋಣಿಯನ್ನೇ ನಂಬಿದ್ದರು. ನನ್ನ ಬಾಲ್ಯದಲ್ಲಿ ಅಂಬಿಗನೊಬ್ಬನು ಪ್ರತಿ ಸಲವೂ ಹೇಳುತ್ತಿದ್ದ ಮಾತು ಇದು: "ದಂಡಿಗಿ ಮುಟ್ಟಿಸಿದ್ರ ನಾಕಾಣೆ, ನಡುವ ಇಳದ್ರ ಪುಕ್ಕಟ!" ಪ್ರತಿ ಸಲವೂ ದೋಣಿ ನಗುತ್ತಿತ್ತು. ಹೆದರಿ ಕುಳಿತ ಮುದುಕಿಯರು ಮೊದಲು ನಗುತ್ತಿದ್ದರು. ಆ ನಗುವಿನಿಂದ ಅವರ ಅಂಜಿಕೆ ಅರ್ಧ ಇಳಿಯುತ್ತಿತ್ತೆಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಅಂಬಿಗನ ನಾಲಿಗೆಯ ಹರಿತ ಕನ್ನಡಿಗರಿಗೆ ಹೊಸದಲ್ಲ. 12ನೆಯ ಶತಮಾನದ ಅಂಬಿಗರ ಚೌಡಯ್ಯನು ಬೇರೆ ವಚನಕಾರರಂತೆ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಳ್ಳದೆ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡವನು. ಅವನ ವ್ಯಂಗ್ಯಕ್ಕೆ ಸಿಕ್ಕವರು ತಪ್ಪಿಸಿಕೊಂಡ ಉದಾಹರಣೆ ಕಡಿಮೆ. ಪಾರಸಿಯಲ್ಲಿ ನೋಡಿದರೂ ಇದೇ ಕಥೆ. (1347ರಿಂದ ಬಹಮನಿಗಳ ರಾಜಧಾನಿಯಾಗಿದ್ದ ಕಲಬುರಗಿಯ ನೆರೆಯಲ್ಲಿರುವ ನಾವು ಪಾರಸಿಯನ್ನು ಪರಕೀಯವೆನ್ನುವಂತಿಲ್ಲ.) 13ನೆಯ ಶತಮಾನದ ಜಲಾಲುದ್ದೀನ್ ರೂಮಿಯ 'ಮಸ್ನವಿ'ಯಲ್ಲಿ ವೈಯಾಕರಣಿಯೊಬ್ಬನು ದೋಣಿ ಹತ್ತಿ, ವ್ಯಾಕರಣ ಬಾರದ ನಾವಿಕನಿಗೆ ನಿನ್ನ ಅರ್ಧ ಆಯುಷ್ಯ ವ್ಯರ್ಥವಾಯಿತೆಂದು ಹೀಗಳೆಯುತ್ತಾನೆ. ಬಿರುಗಾಳಿ ಎದ್ದಾಗ ನಾವಿಕನು ಈಜು ಬರುತ್ತದೆಯೇ ಎಂದು ಕೇಳುತ್ತಾನೆ. ಬಾರದೆಂದಾಗ, ಹಾಗಾದರೆ ನಿನ್ನ ಪೂರ್ತಿ ಆಯುಷ್ಯವೇ ಹೋಯಿತು ಎನ್ನುತ್ತಾನೆ. ಇದನ್ನು ನಾನು ವ್ಯಾಕರಣ ಕಲಿಸುತ್ತಿದ್ದ ಸಹೋದ್ಯೋಗಿಗಳಿಗೆ ಆಗಾಗ ಹೇಳುವುದಿತ್ತು. ಅವರು ಅಷ್ಟಾಗಿ ನಗುತ್ತಿರಲಿಲ್ಲ.

ದೋಣಿಯ ಹಾಸ್ಯವನ್ನು ಉದ್ಯೋಗವನ್ನಾಗಿ ಮಾಡಿದವರು ಅಮೆರಿಕನ್ನರು. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ವಾಲ್ಟ್ ಡಿಸ್ನಿಯ ವಿಹಾರೋದ್ಯಾನ 'ಡಿಸ್ನಿಲ್ಯಾಂಡ್' 1955ರ ಜುಲೈ 17ರಂದು ತೆರೆದಾಗಲೇ ಅಲ್ಲಿ 'ಜಂಗಲ್ ಕ್ರೂಸ್' ಎಂಬ ದೋಣಿ ಸವಾರಿಯಿತ್ತು. ನಿಜವಾದ ಪ್ರಾಣಿಗಳು ಹಗಲು ಹೊತ್ತು ಮಲಗುತ್ತವೆ, ಅಡಗುತ್ತವೆ ಎಂಬ ಕಾರಣಕ್ಕೆ ಯಂತ್ರದ ಪ್ರಾಣಿಗಳನ್ನೇ ದಂಡೆಯಲ್ಲಿ ನಿಲ್ಲಿಸಿದರು. ದೋಣಿ ತೇಲುವಂತೆ ಕಂಡರೂ ನೀರಿನಡಿಯ ಹಳಿ ಅದನ್ನು ನಡೆಸುತ್ತದೆ. ಹಳಿ ಕಾಣಬಾರದೆಂದು ನೀರಿಗೆ ಬಣ್ಣ ಬೆರೆಸುತ್ತಾರೆ. ಆರಂಭದ ವರ್ಷಗಳಲ್ಲಿ ಚಾಲಕನ ವಿವರಣೆ ಭೂಗೋಳದ ಪಾಠದಂತೆ ಗಂಭೀರವಾಗಿತ್ತು. ಒಮ್ಮೆ ನೋಡಿದವರು ಮತ್ತೆ ಬಾರದಾದರು. 1960ರ ದಶಕದ ಆದಿಯಲ್ಲಿ ಮಾರ್ಕ್ ಡೇವಿಸ್ ಎಂಬ ಕಲಾವಿದನು ನಗೆ ತರಿಸುವ ದೃಶ್ಯಗಳನ್ನು ಸೇರಿಸಿದನು. 1962ರಲ್ಲಿ ಬಂದ ಆನೆಗಳ ಸ್ನಾನದ ಮಡು ಅವುಗಳಲ್ಲೊಂದು. ಅದರೊಂದಿಗೆ ಚಾಲಕರ ಮಾತೂ ಶ್ಲೇಷೆ, ಕೀಟಲೆಗಳ ಕಡೆಗೆ ತಿರುಗಿತು.

ಅಲ್ಲಿನ ಅತಿ ಪ್ರಸಿದ್ಧ ಜೋಕು ಎಂಥದು ಗೊತ್ತೇ? ಕೃತಕ ಜಲಪಾತದ ಮುಂದೆ ಹಾದ ದೋಣಿ ಸುತ್ತು ಹಾಕಿ ಅದರ ಹಿಂದೆ ಬರುತ್ತದೆ. ಆಗ ಚಾಲಕನು, ಲೋಕದ ಎಂಟನೆಯ ಅದ್ಭುತವನ್ನು ಕಣ್ತುಂಬ ನೋಡಿರೆಂದು ಪೀಠಿಕೆ ಹಾಕಿ 'ನೀರಿನ ಬೆನ್ನನ್ನು' ತೋರಿಸುತ್ತಾನೆ. ಇಷ್ಟೇ! ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋದಾಗ ನಾನೂ ಆ ದೋಣಿಯಲ್ಲಿ ಕುಳಿತಿದ್ದೆ. ಜೋಕಿಗಿಂತ ನನ್ನನ್ನು ನಗಿಸಿದ್ದು ಅದನ್ನು ಹೇಳಿದ ಹುಡುಗನ ಬಾಡಿದ ಮುಖ. ಬೆಳಗಿನಿಂದ ಅದೆಷ್ಟನೆಯ ಸಲವೋ! ಒಂದೇ ಪಾಠವನ್ನು ಅ, ಬ, ಕ ಮೂರು ವಿಭಾಗಗಳಿಗೂ ಹೇಳಿ ಹೊರಬರುವ ಮಾಸ್ತರನ ಮುಖವೂ ಹಾಗೆಯೇ ಇರುತ್ತದೆ. 'ಟಾಯ್ ಸ್ಟೋರಿ' ಚಿತ್ರದ ನಿರ್ದೇಶಕ ಜಾನ್ ಲ್ಯಾಸೆಟರ್ ತಾರುಣ್ಯದಲ್ಲಿ ಇದೇ ದೋಣಿಯ ಚಾಲಕನಾಗಿದ್ದನು. ಮುಖ ನೋಡಿ ಮಾತಿನ ಕಾಲ ಅಳೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ನಮ್ಮಲ್ಲಿ ಇದಕ್ಕೆ ಸರಿಸಾಟಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. 17ನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಿವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಇಲ್ಲಿ ಹಳಿಯಿಲ್ಲ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ರಬ್ಬರಿನದಲ್ಲ. ಹುಟ್ಟು ಹಾಕುತ್ತಿದ್ದವನು ನಮ್ಮ ಹುಡುಗರಿಗೆ ಹೇಳಿದ್ದು: "ನೀರಿಗೆ ಕೈ ಹಾಕ್ಬೇಡ್ರಪ್ಪ. ಮೊಸಳೆ ಏನೂ ಮಾಡಲ್ಲ, ಶೇಕ್‌ಹ್ಯಾಂಡ್ ಕೊಡುತ್ತೆ ಅಷ್ಟೆ. ಕೈ ಮಾತ್ರ ವಾಪಸ್ ಕೊಡಲ್ಲ." ಇಪ್ಪತ್ತು ಕೈಗಳು ಒಮ್ಮೆಲೇ ದೋಣಿಯೊಳಗೆ ಬಂದವು. ನಾನು ಬಸ್ಸಿನಿಂದಲೇ ಹೇಳುತ್ತ ಬಂದಿದ್ದ ಶಿಸ್ತಿನ ಮಾತಿಗೆ ಅಷ್ಟು ಬೆಲೆ ಬಂದಿರಲಿಲ್ಲ.

ಈಗ ವಿಜಯಪುರಕ್ಕೆ ಬರೋಣ. ಜೇವರ್ಗಿ, ಸಿಂದಗಿ ದಾಟಿ ನಾವು ಹೋಗುತ್ತಿದ್ದ ಆ ಊರು ಆಗ ಬಿಜಾಪುರ. 2014ರ ನವೆಂಬರ್ 1ರಿಂದ ವಿಜಯಪುರ. ಅಲ್ಲಿನ ಒಬ್ಬ ಗೈಡು ನಮಗೆ ವರ್ಷ ವರ್ಷವೂ ಸಿಗುತ್ತಿದ್ದನು. ಊರಿನ ಹೆಸರು ಕೇಳಿದೊಡನೆ, "ಕಿಣ್ಣಿ ಸುಲ್ತಾನ ಅಂದ್ರ ಸುಲ್ತಾನರ ಮಂದಿನ ಬಂದಂಗಾತು, ನಿಮಗ ಟಿಕೀಟ ಯಾಕ್ರಿ?" ಎನ್ನುವನು; ಟಿಕೇಟನ್ನು ಮಾತ್ರ ಕೊಳ್ಳಲೇಬೇಕಾಗುತ್ತಿತ್ತು. ಅವನ ಹಾಸ್ಯಕ್ಕೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಕಥೆ ಚರಿತ್ರೆಯ ವೇಷ ಹಾಕಿಕೊಂಡು ಬಂದಾಗ. ಎರಡನೆಯ ಅಲಿ ಆದಿಲ್ ಶಾಹನ ಅಪೂರ್ಣ ಸಮಾಧಿ ಬಾರಾ ಕಮಾನಿನ ಮುಂದೆ ನಿಂತು, ಇದು ಪೂರ್ತಿಯಾಗಿದ್ದರೆ ಗೋಳಗುಮ್ಮಟದ ಕೀರ್ತಿ ಕುಂದುತ್ತಿತ್ತು, ಅದಕ್ಕೇ ತಂದೆಯೇ ಮಗನನ್ನು ಕೊಲ್ಲಿಸಿದ ಎಂದು ಹೇಳುವ ವಾಡಿಕೆಯುಂಟು. ನಾನು ಹುಡುಗರಿಗೆ ಅಲ್ಲಿಯೇ ಲೆಕ್ಕ ಕೊಡುತ್ತಿದ್ದೆ. ತಂದೆ ತೀರಿಕೊಂಡದ್ದು 1656ರಲ್ಲಿ, ಮಗ ತೀರಿಕೊಂಡದ್ದು 1672ರಲ್ಲಿ. ಹದಿನಾರು ವರ್ಷ ಗೋರಿಯಲ್ಲಿದ್ದವನು ಎದ್ದು ಬಂದು ಕೊಲ್ಲಿಸಿದನೇ? ಗೈಡು ಸಿಟ್ಟಾಗಲಿಲ್ಲ. ಮರುವರ್ಷದಿಂದ ಆ ಲೆಕ್ಕವನ್ನೂ ತನ್ನ ಜೋಕುಗಳ ಜೊತೆ ಸೇರಿಸಿಕೊಂಡು, "ನಿಮ್ಮ ಮಾಸ್ತರ್ರ ಪ್ರಕಾರ ಅಪ್ಪ ಗೋರ್‍ಯಾಗಿಂದ ಎದ್ದು ಬಂದಾನ ನೋಡ್ರಿ" ಎನ್ನತೊಡಗಿದನು!

ನಮ್ಮ ಬಯಲಾಟದ ಸಾರಥಿಯನ್ನು ನೆನೆಯಿರಿ. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಬಂದ ರಾಜನನ್ನು ನೀನಾರೆಂದು ಕೇಳಿ, ಅವನ ಬಿಂಕವನ್ನು ಎಳೆದಾಡುವವನು ಸಾರಥಿ. ಗೈಡನ್ನು ನಾನು ಅವನ ವಂಶದವನೆಂದೇ ಭಾವಿಸುತ್ತೇನೆ. ಸುಲ್ತಾನನನ್ನು ಅವನು ಎಷ್ಟು ಬೇಕಾದರೂ ಗೇಲಿ ಮಾಡಲಿ. ಸುಲ್ತಾನನಿಗೆ ಗುಮ್ಮಟವಿದೆ, ಶಾಸನವಿದೆ, ತಡೆದುಕೊಳ್ಳುತ್ತಾನೆ.

ಆದರೆ ಸಾಠ್ ಕಬರ್ ಎಂಬಲ್ಲಿ ನನಗೆ ನಗು ಬರುತ್ತಿರಲಿಲ್ಲ. ಊರಿನಾಚೆ ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಒಂದೇ ಬಗೆಯ ಕಲ್ಲಿನ ಗೋರಿಗಳು. ಆದಿಲ್ ಶಾಹಿ ಸರದಾರ ಅಫಜಲ್ ಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೊರಡುವ ಮುನ್ನ, ತಾನು ಮರಳಿ ಬರುವುದಿಲ್ಲವೆಂಬ ಜ್ಯೋತಿಷಿಗಳ ಮಾತು ಕೇಳಿ ತನ್ನ 63 ಮಂದಿ ಪತ್ನಿಯರನ್ನು ಕೊಲ್ಲಿಸಿದನೆಂಬುದು ಅಲ್ಲಿ ಹೇಳುವ ಐತಿಹ್ಯ. ಖಾನನು 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಹತನಾದದ್ದು ಚರಿತ್ರೆ. ಪತ್ನಿಯರ ಸಂಗತಿ ಜನರ ಬಾಯಲ್ಲಿ ಬಂದದ್ದು. ಗೋರಿಗಳಂತೂ ಕಣ್ಣ ಮುಂದಿವೆ. ಅಲ್ಲಿ ಗೈಡಿನ ಜೋಕು: "ನಮಗ ಒಬ್ಬಾಕಿನ್ನ ಸಂಭಾಳಸೂದ ಆಗೂದಿಲ್ಲ, ಈ ಪುಣ್ಯಾತ್ಮ ಅರವತ್ಮೂರು ಮಂದೀನ್ನ ಹೆಂಗ ಸಂಭಾಳಿಸಿದ್ನೋ!" ಗಂಡು ಹುಡುಗರು ನಗುವರು, ಜೊತೆಗೆ ಬಂದ ಶಿಕ್ಷಕರೂ ನಗುವರು.

ಅನಹೈಮ್‌ನ ದೋಣಿಯಲ್ಲಿಯೂ ಇಂಥದೊಂದು ಇತ್ತು. ಸವಾರಿಯ ಕೊನೆಗೆ ಕಾಡಿನ ಮನುಷ್ಯನೊಬ್ಬನ ಗೊಂಬೆ, ಕೈಯಲ್ಲಿ ಒಣಗಿಸಿದ ತಲೆಗಳು. ನಿಮ್ಮ ಒಂದು ತಲೆಗೆ ಅವನು ಎರಡು ಕೊಡುತ್ತಾನೆಂದು ಚಾಲಕರ ವಿನೋದ. ದಶಕಗಳ ಕಾಲ ಜನ ನಕ್ಕರು. ಮೂಲನಿವಾಸಿಗಳನ್ನು ಹೀನಾಯವಾಗಿ ತೋರಿಸುವ ದೃಶ್ಯಗಳನ್ನು ಬದಲಿಸುವುದಾಗಿ ಕಂಪನಿಯು 2021ರ ಜನವರಿಯಲ್ಲಿ ಪ್ರಕಟಿಸಿ, ಅದೇ ವರ್ಷದ ಜುಲೈನಲ್ಲಿ ಸವಾರಿಯನ್ನು ಮತ್ತೆ ತೆರೆಯಿತು. ನೀರಿನ ಬೆನ್ನು ಉಳಿಯಿತು, ತಲೆಯ ವ್ಯಾಪಾರಿ ಹೋದನು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಗೊಣಗಿದರು. ಗೊಣಗಲು ಕಾರಣವಿತ್ತೆಂದು ನನಗನಿಸುವುದಿಲ್ಲ.

ವಿಜಯಪುರದಲ್ಲಿ ಯಾವ ಕಂಪನಿಯೂ ಪ್ರಕಟಣೆ ಹೊರಡಿಸಲಿಲ್ಲ. ಒಂದು ವರ್ಷ ನಮ್ಮ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು (ಅವಳೂ ಇದನ್ನು ಓದುತ್ತಿರಬಹುದು, ಹೆಸರು ಬರೆಯುವುದಿಲ್ಲ) ಎಲ್ಲರೂ ನಗುತ್ತಿರುವಾಗ ಗೋರಿಗಳನ್ನು ಒಂದೊಂದಾಗಿ ಎಣಿಸುತ್ತ ಕಟ್ಟೆಯ ಕೊನೆಯವರೆಗೆ ಹೋದಳು. ಮರಳಿ ಬಂದು ಗೈಡನ್ನು ಕೇಳಿದಳು: "ಕಾಕಾ, ಇವರ ಹೆಸರ ಏನಿದ್ವು?" ಗೈಡು ನನ್ನ ಕಡೆಗೆ ನೋಡಿದನು. ನಾನು ಕಲ್ಲುಗಳ ಕಡೆಗೆ ನೋಡಿದೆ. ಯಾವ ಕಲ್ಲಿನ ಮೇಲೆಯೂ ನಾನು ಹೆಸರು ಕಂಡಿಲ್ಲ, ನಾನು ಓದಿದ ಪುಸ್ತಕಗಳಲ್ಲಿಯೂ ಇಲ್ಲ. "ಯಾರೂ ಬರದಿಟ್ಟಿಲ್ಲವ್ವ" ಎಂದನು ಗೈಡು. ಅಲ್ಲಿಂದ ಬಸ್ಸಿನವರೆಗೆ ಅವನು ಮಾತಾಡಲಿಲ್ಲ. ಮರುವರ್ಷ ಅದೇ ಕಟ್ಟೆಯ ಮೇಲೆ ಅವನು ಜೋಕು ಹೇಳಲಿಲ್ಲ. ಮಕ್ಕಳಿಗೆ ಎಣಿಸಲು ಹೇಳಿ ದೂರ ನಿಂತು ಬೀಡಿ ಹಚ್ಚಿದನು.

ಮಲಿಕ್-ಎ-ಮೈದಾನ್ ತೋಪಿನ ಬಳಿ ಬಂದಾಗ ಅವನ ಗಂಟಲು ಮತ್ತೆ ತೆರೆಯಿತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, 55 ಟನ್ ತೂಕದ ಈ ತೋಪನ್ನು ಇಂಗ್ಲಿಷರು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಆಮೇಲೆ ಆ ಮಾರಾಟವನ್ನು ರದ್ದುಪಡಿಸಿದರು. ಇದು ಗೈಡು ಹೇಳುತ್ತಿದ್ದ ಅಪ್ಪಟ ಚರಿತ್ರೆ. ತೋಪಿನ ಬೆನ್ನು ತಟ್ಟಿ ಅವನು ನನ್ನನ್ನೇ ಕೇಳುತ್ತಿದ್ದನು: "ಈಗೂ ನೂರಾ ಐವತ್ತಕ್ಕ ಕೊಡಸ್ತೀನ್ರಿ ಸರ್ರ. ಕಿಣ್ಣಿ ಸುಲ್ತಾನತನಕ ಗಾಡಿ ಬಾಡಿಗಿ ಅಷ್ಟ ನಿಮ್ಮದು."