ನಾಮವೂ ನಾಮಿಯೂ: ಆಥೋಸ್ ಪರ್ವತದ ೧೯೧೩ರ ವಿವಾದ

ನಾಮವು ನಾಮಿಯನ್ನು ಸೂಚಿಸುವ ಗುರುತು ಮಾತ್ರವೇ, ಅಥವಾ ನಾಮದಲ್ಲಿ ನಾಮಿಯು ಸ್ವತಃ ಸನ್ನಿಹಿತನಾಗಿರುವನೇ? ಕ್ರೈಸ್ತ ಧರ್ಮದಲ್ಲಿ ಈ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಆದಿಭಾಗದ ಒಂದು ಘಟನೆಯು ಸಾಕ್ಷಿಯಾಗಿದೆ. ಏಜಿಯನ್ ಸಮುದ್ರತೀರದ ಆಥೋಸ್ ಪರ್ವತದಲ್ಲಿ ವಾಸಿಸುತ್ತಿದ್ದ ಎಂಟುನೂರಕ್ಕೂ ಹೆಚ್ಚು ರಷ್ಯನ್ ಸನ್ಯಾಸಿಗಳು ೧೯೧೩ರಲ್ಲಿ ಈ ಪ್ರಶ್ನೆಯ ನಿಮಿತ್ತವಾಗಿಯೇ ತಮ್ಮ ಮಠಗಳನ್ನು ಕಳೆದುಕೊಂಡರು. ಆ ವಿವಾದದ ಹಿನ್ನೆಲೆಯನ್ನೂ ಅರ್ಥವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕ್ರೈಸ್ತರ ನಾಮಭಕ್ತಿಗೆ ಯೆಹೂದ್ಯ ಪರಂಪರೆಯೇ ಮೂಲ. ನಾಲ್ಕು ವ್ಯಂಜನಗಳಿಂದ ಬರೆಯಲ್ಪಡುತ್ತಿದ್ದ ದೇವನಾಮವನ್ನು ಯೆಹೂದ್ಯರು ಕಾಲಕ್ರಮದಲ್ಲಿ ಉಚ್ಚರಿಸುವುದನ್ನೇ ಬಿಟ್ಟು, ಅದರ ಸ್ಥಾನದಲ್ಲಿ ‘ಪ್ರಭು’ ಎಂಬರ್ಥದ ‘ಅದೋನೈ’ ಶಬ್ದವನ್ನು ಓದತೊಡಗಿದರು. ಇದೇ ಅರ್ಥದ ‘ಕೂರಿಯೋಸ್’ ಎಂಬ ಗ್ರೀಕ್ ಶಬ್ದವನ್ನು ಆದ್ಯ ಕ್ರೈಸ್ತರು ಯೇಸುವಿಗೆ ಅನ್ವಯಿಸಿದರು. ಪುರಾತನ ಗ್ರೀಕ್ ಹಸ್ತಪ್ರತಿಗಳಲ್ಲಿ ದೇವರು, ಪ್ರಭು, ಯೇಸು, ಕ್ರಿಸ್ತ ಎಂಬ ಶಬ್ದಗಳನ್ನು ಸಂಕ್ಷೇಪಿಸಿ, ಮೇಲೊಂದು ಗೆರೆಯನ್ನೆಳೆದು ಬರೆಯುವ ಪದ್ಧತಿಯು ಕಂಡುಬರುತ್ತದೆ. ಪವಿತ್ರನಾಮವು ಇತರ ಶಬ್ದಗಳಂತಲ್ಲವೆಂಬ ಭಾವನೆಯು ಲಿಪಿಕಾರರ ಕೈಬರಹದಲ್ಲಿಯೇ ನೆಲೆಗೊಂಡಿತ್ತೆಂದು ಇದರಿಂದ ಊಹಿಸಬಹುದು.

ಪೌರಸ್ತ್ಯ ಸಭೆಯ ಸನ್ಯಾಸಿಗಳಲ್ಲಿ ಈ ಭಾವನೆಯು ಸಾಧನೆಯ ರೂಪವನ್ನು ತಾಳಿತು. ಯೇಸುವಿನ ನಾಮವನ್ನು ಹೇಳಿ ಕರುಣೆಯನ್ನು ಬೇಡುವ ಒಂದು ಕಿರುಪ್ರಾರ್ಥನೆಯನ್ನು ಅವರು ಉಸಿರಿನೊಡನೆ ಸೇರಿಸಿ ನಿರಂತರವಾಗಿ ಜಪಿಸುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಈ ಸಾಧನೆಯ ಮೇಲೆ ಆಕ್ಷೇಪವು ಬಂದಾಗ, ಆಥೋಸಿನ ಸನ್ಯಾಸಿಯಾಗಿದ್ದ ಗ್ರೆಗರಿ ಪಾಲಮಾಸನು ಅದನ್ನು ಸಮರ್ಥಿಸಿದನು. ದೇವರ ಸ್ವರೂಪವು ಮನುಷ್ಯನಿಗೆ ಅಗೋಚರ; ಆತನ ಶಕ್ತಿಗಳಾದರೋ ಅನುಭವಗಮ್ಯ, ಮತ್ತು ಆ ಶಕ್ತಿಗಳೂ ದೈವವೇ ಎಂಬುದು ಅವನ ಸಿದ್ಧಾಂತ. ಕಾನ್‌ಸ್ಟಾಂಟಿನೋಪಲಿನಲ್ಲಿ ೧೩೪೧ ಹಾಗೂ ೧೩೫೧ರಲ್ಲಿ ನೆರೆದ ಸಭೆಗಳು ಅವನ ಪಕ್ಷವನ್ನು ಎತ್ತಿಹಿಡಿದವು.

೧೯೦೭ರಲ್ಲಿ, ಹಿಂದೆ ಆಥೋಸಿನಲ್ಲಿದ್ದು ಆಮೇಲೆ ಕಾಕಸಸ್ ಪರ್ವತಗಳಲ್ಲಿ ಏಕಾಂತವಾಸಿಯಾಗಿದ್ದ ಇಲಾರಿಯೋನ್ ಎಂಬ ವೃದ್ಧ ಸನ್ಯಾಸಿಯು ‘ಕಾಕಸಸ್ ಪರ್ವತಗಳ ಮೇಲೆ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಜಪದಲ್ಲಿ ಉಚ್ಚರಿತವಾದ ದೇವನಾಮದಲ್ಲಿ ದೇವರೇ ಸನ್ನಿಹಿತನಾಗಿರುವನೆಂಬುದು ಅದರ ಸಾರ. ಗ್ರಂಥವು ಮಠಗಳಲ್ಲಿ ಬಹುವಾಗಿ ಪ್ರಚಾರಗೊಂಡಿತು. ೧೯೧೨ರಲ್ಲಿ ಮೂರನೆಯ ಮುದ್ರಣವೂ ಹೊರಬಂದಿತು. ಅದೇ ವರ್ಷ ಅದರ ಮೇಲೆ ಖಂಡನೆಗಳು ಪ್ರಕಟವಾದವು. ಆರ್ಚ್‌ಬಿಷಪ್ ಅಂತೋನಿ ಖ್ರಪೊವಿತ್‌ಸ್ಕಿಯು ವಿರೋಧಿಗಳಲ್ಲಿ ಪ್ರಮುಖನು. ಹಿಂದೆ ಅಶ್ವದಳದ ಅಧಿಕಾರಿಯಾಗಿದ್ದು, ಇಥಿಯೋಪಿಯದಲ್ಲಿ ಸಂಚರಿಸಿ ಹೆಸರಾಗಿದ್ದ ಸನ್ಯಾಸಿ ಅಂತೋನಿ ಬುಲಾತೊವಿಚನು ಗ್ರಂಥದ ಪರವಾಗಿ ನಿಂತನು. ಒಂದೇ ಪಂಗಡಕ್ಕೆ ಎರಡು ಹೆಸರುಗಳು ಬಂದವು: ಅವರು ತಮ್ಮನ್ನು ‘ನಾಮಸ್ತಾವಕರು’ ಎಂದು ಕರೆದುಕೊಂಡರೆ, ವಿರೋಧಿಗಳು ಅವರನ್ನು ‘ನಾಮವನ್ನೇ ದೇವರೆನ್ನುವವರು’ ಎಂದು ಹಳಿದರು.

ಉಭಯ ಪಕ್ಷಗಳ ವಾದದಲ್ಲಿಯೂ ಸತ್ತ್ವವಿತ್ತೆಂಬುದನ್ನು ಒಪ್ಪಲೇಬೇಕು. ನಾಮವು ಮಾನುಷ ಶಬ್ದ. ಅದನ್ನು ದೇವರೊಡನೆ ಏಕೀಕರಿಸಿದರೆ ಪ್ರಾರ್ಥನೆಯು ಮಂತ್ರವಿದ್ಯೆಯ ಮಟ್ಟಕ್ಕೆ ಇಳಿದೀತೆಂದು ವಿರೋಧಿಗಳು ಶಂಕಿಸಿದರು. ಅಕ್ಷರಗಳನ್ನಾಗಲಿ ಧ್ವನಿಯನ್ನಾಗಲಿ ತಾವು ಪೂಜಿಸುತ್ತಿಲ್ಲ. ನಾಮವು ದೇವರ ಶಕ್ತಿಯ ಪ್ರಕಾಶವಾದುದರಿಂದ ದೈವವೆನ್ನುತ್ತೇವೆ ಎಂದು ಸ್ತಾವಕರು ಪಾಲಮಾಸನನ್ನು ಆಧರಿಸಿ ಉತ್ತರಿಸಿದರು. ಅವರಲ್ಲಿ ಅನೇಕರು ಹೆಚ್ಚು ಓದಿದವರಲ್ಲ. ನಾಮವು ಬರಿಯ ಗುರುತೆಂದಾದರೆ, ದಶಕಗಳ ಕಾಲ ಹಗಲಿರುಳು ತಾವು ಮಾಡಿದ ಜಪಕ್ಕೆ ಅರ್ಥವೇನೆಂಬುದು ಅವರ ಅಳಲಾಗಿತ್ತು.

೧೯೧೩ರ ಮೇ ತಿಂಗಳಿನಲ್ಲಿ ರಷ್ಯದ ಪವಿತ್ರ ಸಿನೊಡ್ ಈ ಬೋಧೆಯನ್ನು ಪಾಷಂಡವೆಂದು ಖಂಡಿಸಿತು. ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕರೂ ಖಂಡಿಸಿದ್ದರು. ಆಗ ಆಥೋಸಿನ ರಾಜಕೀಯ ಸ್ಥಿತಿಯು ಅನಿಶ್ಚಿತವಾಗಿತ್ತು; ೧೯೧೨ರ ನವೆಂಬರಿನಲ್ಲಿ ಗ್ರೀಕ್ ನೌಕಾಪಡೆಯು ಅದನ್ನು ತುರ್ಕರಿಂದ ವಶಪಡಿಸಿಕೊಂಡಿತ್ತು. ಇಂತಹ ಸಂದರ್ಭದಲ್ಲಿ ರಷ್ಯನ್ ಸರಕಾರವು ಆರ್ಚ್‌ಬಿಷಪ್ ನಿಕೋನನೊಡನೆ ಸೈನಿಕರನ್ನು ಕಳುಹಿಸಿತು. ಜುಲೈ ತಿಂಗಳಿನಲ್ಲಿ ಸಂತ ಪಾಂತೆಲೆಯ್ಮೋನನ ಮಠದ ಸನ್ಯಾಸಿಗಳ ಮೇಲೆ ನೀರಿನ ಕೊಳವೆಗಳನ್ನು ತಿರುಗಿಸಿ, ಅವರನ್ನು ಬಲಾತ್ಕಾರವಾಗಿ ಹೊರಗೆಳೆದು, ಹಡಗಿನಲ್ಲಿ ಒಡೆಸ್ಸಾ ನಗರಕ್ಕೆ ಸಾಗಿಸಲಾಯಿತು. ಸಂತ ಆಂದ್ರೆಯನ ಆಶ್ರಮದವರನ್ನೂ ಹಡಗಿನಲ್ಲಿ ಸಾಗಿಸಲಾಯಿತು. ಅನೇಕರು ಸನ್ಯಾಸಿವೇಷವನ್ನು ಕಳಚಿಸಿಕೊಂಡು ಊರುಗಳಿಗೆ ಮರಳಬೇಕಾಯಿತು.

ಬಲಪ್ರಯೋಗದಿಂದ ಪ್ರಶ್ನೆಯು ಇತ್ಯರ್ಥವಾಗಲಿಲ್ಲ. ೧೯೧೭-೧೮ರ ರಷ್ಯನ್ ಸಭೆಯ ಮಹಾಸಮ್ಮೇಳನವು ವಿಷಯವನ್ನು ಪುನಃ ಕೈಗೆತ್ತಿಕೊಂಡರೂ ಕ್ರಾಂತಿಯ ಗೊಂದಲದಲ್ಲಿ ತೀರ್ಮಾನವಾಗಲಿಲ್ಲ. ಬುಲಾತೊವಿಚನು ೧೯೧೯ರಲ್ಲಿ ಕೊಲೆಗೀಡಾದನು. ಆದರೆ ಅಲ್ಪಶಿಕ್ಷಿತ ಸನ್ಯಾಸಿಗಳ ಪ್ರಶ್ನೆಯನ್ನು ರಷ್ಯದ ಶ್ರೇಷ್ಠ ಚಿಂತಕರು ಮುಂದುವರಿಸಿದರು. ೧೯೩೭ರಲ್ಲಿ ಗುಂಡಿಗೆ ಬಲಿಯಾದ ಪಾವೆಲ್ ಫ್ಲೊರೆನ್‌ಸ್ಕಿಯು ಅವರನ್ನು ಸಮರ್ಥಿಸಿದ್ದನು. ಲೋಸೆವನ ‘ನಾಮದ ತತ್ತ್ವಶಾಸ್ತ್ರ’ ೧೯೨೭ರಲ್ಲಿಯೂ, ಅದೇ ಹೆಸರಿನ ಬುಲ್ಗಾಕೊವನ ಗ್ರಂಥವು ಅವನ ಮರಣಾನಂತರ ೧೯೫೩ರಲ್ಲಿಯೂ ಪ್ರಕಟವಾದವು.

ಸಿದ್ಧಾಂತದ ಸತ್ಯಾಸತ್ಯವನ್ನು ನಿರ್ಣಯಿಸುವುದು ಇತಿಹಾಸಕಾರನ ಕಾರ್ಯವಲ್ಲ. ಆದರೂ ಒಂದು ಮಾತನ್ನು ಹೇಳಬಹುದು. ಸಿನೊಡಿಗೆ ನಾಮವು ವ್ಯಾಖ್ಯಾನದ ವಿಷಯವಾಗಿತ್ತು. ಸನ್ಯಾಸಿಗಳಿಗೆ ಅದು ವಾಸಸ್ಥಾನವಾಗಿತ್ತು. ಪ್ರಭುತ್ವವು ಅವರನ್ನು ಮಠದಿಂದ ಹೊರಡಿಸಬಲ್ಲದಾಯಿತು. ನಾಮದಿಂದ ಹೊರಡಿಸಲಾರದೆ ಹೋಯಿತು.