ಕ್ವಾಂಝೌ: ಗೋಡೆಗೆ ಸೇರಿದ ದೇವರುಗಳ ಊರು

ಚೀನಾದ ಫುಜಿಯಾನ್ ಪ್ರಾಂತ್ಯದ ಕ್ವಾಂಝೌ ನಗರದ ಪಶ್ಚಿಮ ಬೀದಿಯಲ್ಲಿ ಕೈಯುವಾನ್ ಎಂಬ ದೊಡ್ಡ ಬೌದ್ಧ ದೇವಾಲಯವಿದೆ. ಮುಖ್ಯ ಮಂದಿರದ ಹಿಂಬದಿಗೆ ಹೋದರೆ ಹದಿನಾರು ಮುಖಗಳ ಎರಡು ಕಲ್ಲುಕಂಬಗಳು ಸಿಗುತ್ತವೆ. ಅವುಗಳ ಮೇಲಿನ ಕೆತ್ತನೆ ನೋಡಲು ನಮ್ಮವರಿಗೆ ಗೈಡ್ ಬೇಕಾಗಿಲ್ಲ. ಒಂದು ಕಡೆ ನರಸಿಂಹ, ಮತ್ತೊಂದು ಕಡೆ ಎರಡು ಮರಗಳ ನಡುವೆ ಸಿಕ್ಕಿಕೊಂಡ ತುಂಟ ಕೃಷ್ಣ. ಬುದ್ಧನ ಬೆನ್ನಿಗೆ ಇವರು ಹೇಗೆ ಬಂದು ನಿಂತರು?

ಊರು ಬಂದರಾಗಿ ಬೆಳೆದ ಕಾಲಕ್ಕೆ ಹೋಗಬೇಕು. 1087ರಲ್ಲಿ ಸುಂಗ್ ಸಾಮ್ರಾಟರು ಇಲ್ಲಿ ಕಡಲ ವ್ಯಾಪಾರದ ಕಚೇರಿ ತೆರೆದರು. ಬಂದ ಹಡಗಿನ ಸರಕನ್ನು ತಪಾಸಣೆ ಮಾಡಿ, ಸುಂಕ ಕಿತ್ತುಕೊಂಡ ಮೇಲೆಯೇ ವ್ಯಾಪಾರ. ಈ ಕಚೇರಿಯ ಮೇಲಧಿಕಾರಿಯಾಗಿದ್ದ ಝಾವೋ ರುಗುವಾ 1225ರಲ್ಲಿ ಪರದೇಶಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಮಾನ್ಸೂನ್ ಗಾಳಿಯನ್ನೇ ನಂಬಿದ ವ್ಯಾಪಾರವಾದ್ದರಿಂದ ಅಧಿಕಾರಿಗಳು ಜಿಯುರಿ ಬೆಟ್ಟ ಹತ್ತಿ ಅನುಕೂಲದ ಗಾಳಿಗಾಗಿ ಪೂಜೆ ಸಲ್ಲಿಸುತ್ತಿದ್ದರು. ಪೂಜೆ ಮಾಡಿದ್ದನ್ನು ಬಂಡೆಯ ಮೇಲೆ ಕೆತ್ತಿಸುತ್ತಿದ್ದರು. ಸರ್ಕಾರಿ ಕೆಲಸಕ್ಕೆ ದಾಖಲೆ ಇರಲೇಬೇಕಲ್ಲ!

ಅರಬರು ಈ ಊರನ್ನು ಜೈತೂನ್ ಎಂದು ಕರೆದರು. ಅಲೆಕ್ಸಾಂಡ್ರಿಯಾಕ್ಕೆ ಮೆಣಸಿನ ಒಂದು ಹಡಗು ಹೋದರೆ ಇಲ್ಲಿಗೆ ನೂರು ಬರುತ್ತವೆ ಎಂದ ಮಾರ್ಕೊ ಪೋಲೊ. ಅವನ ಮಾತಿನಲ್ಲಿ ಉತ್ಪ್ರೇಕ್ಷೆಯ ಪಾಲು ಕಳೆದರೂ ಮೆಣಸು ಉಳಿಯುತ್ತದೆ: 1974ರಲ್ಲಿ ಹೌಝು ಬಂದರಿನ ಕೆಸರಿನಿಂದ ಅಗೆದು ತೆಗೆದ ಸುಂಗ್ ಕಾಲದ ಹಡಗಿನಲ್ಲಿ ಮೆಣಸು, ಗಂಧದ ಕಟ್ಟಿಗೆ, ಅಡಿಕೆ ಎಲ್ಲವೂ ಇದ್ದವು. ಅದರ ಒಡಲನ್ನು ಹದಿಮೂರು ಕೋಣೆಗಳಾಗಿ ವಿಂಗಡಿಸಿದ್ದರು.

ಹಣ ಬಂದ ಹಿಂದೆಯೇ ದೇವರುಗಳೂ ಬಂದರು. 1009ರಲ್ಲಿ ಕಟ್ಟಿದ ಚಿಂಗ್‌ಜಿಂಗ್ ಮಸೀದಿ ಇಂದಿಗೂ ಇದೆ. ಅದರ ಪಕ್ಕದಲ್ಲೇ ಯುದ್ಧವೀರ ಗುವಾನ್‌ಯುವಿನ ಗುಡಿ, ಸದಾ ಊದುಬತ್ತಿಯ ಹೊಗೆ. ನಗರದ ದಕ್ಷಿಣಕ್ಕೆ, ದೆಜಿ ದ್ವಾರದ ಬಳಿ, ನಾವಿಕರನ್ನು ಕಾಯುವ ಮಾಝು ದೇವಿಯ ಮಂದಿರ. ಪರದೇಶಿ ವರ್ತಕರು ನೆಲೆಸಿದ್ದು ಹೆಚ್ಚಾಗಿ ನದಿಗೆ ಹತ್ತಿರದ ಈ ದಕ್ಷಿಣ ಭಾಗದಲ್ಲೇ. ಅವರಲ್ಲಿ ತಮಿಳರೂ ಇದ್ದರು. 1956ರಲ್ಲಿ ಸಿಕ್ಕ ಒಂದು ತಮಿಳು ಶಾಸನದ ಪ್ರಕಾರ, 1281ರ ಚೈತ್ರ ಹುಣ್ಣಿಮೆಯಂದು ಸಂಬಂಧ ಪೆರುಮಾಳ್ ಎಂಬವನು ಖಾನನ ಒಳಿತಿಗಾಗಿ ಇಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ. ಶಾಸನದ ಕೊನೆಯಲ್ಲಿ ಒಂದು ಸಾಲು ಚೀನೀ ಲಿಪಿ. ಆಗ ಚೀನಾ ಆಳುತ್ತಿದ್ದವನು ಕುಬ್ಲಾಯ್ ಖಾನ್.

ಈ ಕಡಲ ದಾರಿಗೆ ಕನ್ನಡ ನಾಡಿನ ನಂಟೂ ಸ್ವಲ್ಪ ಇದೆ. ಸುಮಾತ್ರದ ಬಾರೂಸ್‌ನಲ್ಲಿರುವ 1088ರ ತಮಿಳು ಶಾಸನ ‘ಐನೂರ್ವರು’ ಎಂಬ ವರ್ತಕ ಸಂಘವನ್ನು ಹೆಸರಿಸುತ್ತದೆ. ಆ ಸಂಘದ ಬೇರು ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿದೆ. ಅವರು ಕ್ವಾಂಝೌವರೆಗೂ ಹೋಗಿದ್ದರು ಎಂದು ಹೇಳುವ ಕಲ್ಲು ಮಾತ್ರ ಇಲ್ಲ. ಆಸೆಯಿಂದ ಅಷ್ಟು ದೂರ ಎಳೆಯುವುದು ಬೇಡ.

ವೈಭವ ಮುರಿದದ್ದು ಒಳಜಗಳದಿಂದ. 1357ರಿಂದ 1366ರವರೆಗೆ ಪರದೇಶಿ ಮೂಲದ ಸೈನಿಕರ ದಂಗೆ ಊರನ್ನು ಸುಟ್ಟುಹಾಕಿತು. ದಂಗೆ ಅಡಗಿದ ಮೇಲೆ ಸೇಡಿನ ಕೊಲೆಗಳು ನಡೆದವು. ಆಮೇಲೆ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರವನ್ನೇ ನಿಷೇಧಿಸಿದರು. ಶಿವನ ಗುಡಿ ಬಿತ್ತು. ಅದರ ಕಲ್ಲು ಮಾತ್ರ ಗಟ್ಟಿ, ಚೆನ್ನಾಗಿ ಕಡೆದದ್ದು; ಬಿಟ್ಟವರುಂಟೇ? ಮಿಂಗ್ ಕಾಲದಲ್ಲಿ ಕೈಯುವಾನ್ ಜೀರ್ಣೋದ್ಧಾರವಾದಾಗ ಕಂಬಗಳು ಅಲ್ಲಿಗೆ ಹೋದವು, ಮನುಷ್ಯಮುಖದ ಸಿಂಹಗಳ ಫಲಕಗಳು ಜಗತಿಗೆ ಸೇರಿದವು. ಉಳಿದ ಎಷ್ಟೋ ಕಲ್ಲುಗಳು ಕೋಟೆಗೋಡೆಯ ಹೊಟ್ಟೆ ತುಂಬಿದವು. ಅರಬ್ಬಿ ಬರಹದ ಗೋರಿಕಲ್ಲುಗಳು, ಕಮಲದ ಮೇಲೆ ಶಿಲುಬೆ ಇರುವ ಕ್ರೈಸ್ತ ಕಲ್ಲುಗಳು, ಲಿಂಗಪೂಜೆಯ ಶಿಲ್ಪಗಳು, ಎಲ್ಲಕ್ಕೂ ಒಂದೇ ಗತಿ.

ಆ ಗೋಡೆಯನ್ನು ಒಡೆದದ್ದು 1930ರ ದಶಕದ ಕೊನೆಯಲ್ಲಿ, ಜಪಾನ್ ಜೊತೆಗಿನ ಯುದ್ಧ ನಡೆಯುತ್ತಿದ್ದಾಗ. ಹೊರಬಿದ್ದ ಕಲ್ಲುಗಳು ಮನೆ ಕಟ್ಟುವವರ ಪಾಲಾಗುತ್ತಿದ್ದವು. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ವು ವೆನ್‌ಲಿಯಾಂಗ್ ಎಂಬ ಮೇಷ್ಟ್ರು ಅವನ್ನು ಹುಡುಕಿ, ಕೈಯಿಂದ ದುಡ್ಡು ಕೊಟ್ಟು ಕೂಡಿಸಿದರು. 1957ರಲ್ಲಿ ಅವರ ಪುಸ್ತಕ ಬಂದ ಮೇಲೆಯೇ ಕ್ವಾಂಝೌ ಎಂಥ ಊರಾಗಿತ್ತು ಎಂಬುದು ವಿದ್ವಾಂಸರಿಗೆ ಸರಿಯಾಗಿ ತಿಳಿದದ್ದು. ಅವರು ಕೂಡಿಸಿದ ಕಲ್ಲುಗಳನ್ನು ಈಗ ಅಲ್ಲಿನ ಸಾಗರಯಾನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

2021ರಲ್ಲಿ ಯುನೆಸ್ಕೊ ಕ್ವಾಂಝೌವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇತುವೆ, ಮಸೀದಿ, ಗೋಪುರ, ಕುಲುಮೆ, ಪಿಂಗಾಣಿ ಭಟ್ಟಿ ಸೇರಿ ಒಟ್ಟು 22 ತಾಣಗಳು. ಶಿವನ ಗುಡಿಗೆ ಅದರಲ್ಲಿ ಬೇರೆ ಸಂಖ್ಯೆಯಿಲ್ಲ. ಅದರ ಎರಡು ಕಂಬಗಳು ಕೈಯುವಾನ್ ಲೆಕ್ಕದಲ್ಲೇ ಸೇರಿವೆ.